ಗ್ರಾಹಕರು ಹಾಕಿದ ಫೋಟೊ, ರೀಲ್‌ಗಳನ್ನು ಬ್ರ್ಯಾಂಡ್ ಪುಟದಲ್ಲಿ ಹಾಕಿಕೊಳ್ಳಬಹುದೇ? ಹಾಕುವುದಾದರೆ ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆನ್ನಿಗೆ ಹಾಕಿಕೊಳ್ಳುವ ಚೀಲಗಳನ್ನು ತಯಾರಿಸುವ ಸಣ್ಣ ಬ್ರ್ಯಾಂಡ್ ಒಂದರ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಮತ್ತು ಎಕ್ಸ್ ಖಾತೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇತ್ತೀಚೆಗೆ ಸೇರಿದ್ದೇನೆ. ನಮಗೆ ಸ್ಟುಡಿಯೊ ಇಲ್ಲ, ರೂಪದರ್ಶಿಗಳಿಲ್ಲ, ಪ್ರಚಾರಕ್ಕೆಂದು ತೆಗೆದಿರಿಸಿದ ಹಣವೂ ಅಷ್ಟಕ್ಕಷ್ಟೇ. ಆದರೆ ಗ್ರಾಹಕರು ತಾವಾಗಿಯೇ ಹಾಕುತ್ತಿರುವ ಚಿತ್ರಗಳು ಒಂದಕ್ಕಿಂತ ಒಂದು ಚೆನ್ನಾಗಿವೆ.

ಒಬ್ಬರು ಮಳೆಯಲ್ಲಿ ನೆನೆದು ಬಂದು, ಬಾಗಿಲಲ್ಲೇ ನಿಂತು, ನೀರಿಳಿಯುತ್ತಿರುವ ಚೀಲದ ಜಿಪ್ ತೆರೆದು, ಒಳಗಿದ್ದ ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಮಗುಚಿ ತೋರಿಸಿದ್ದಾರೆ. ಎಲ್ಲಿಯೂ ಒಂದು ಹನಿ ತಾಗಿಲ್ಲ. ಹಿನ್ನೆಲೆಯಲ್ಲಿ ಜನಪ್ರಿಯ ಚಿತ್ರಗೀತೆಯೊಂದು ಕೇಳಿಸುತ್ತದೆ. ಇನ್ನೊಬ್ಬರು ಶಾಲೆಯ ಮೊದಲ ದಿನ ತಮ್ಮ ಮಗಳು ಚೀಲ ಹೊತ್ತು ನಿಂತ ಫೋಟೊ ಹಾಕಿದ್ದಾರೆ. ಮತ್ತೊಬ್ಬರು ‘ಈ ಚೀಲ ಬಂದ ಮೇಲೆ ನನ್ನ ಬೆನ್ನುನೋವು ಪೂರ್ತಿ ವಾಸಿಯಾಯಿತು’ ಎಂದು ಉದ್ದಕ್ಕೆ ಬರೆದಿದ್ದಾರೆ.

ನಮ್ಮ ಮಾಲೀಕರು ಹೇಳುವುದು ಇಷ್ಟು: ‘ಅವರೇ ನಮ್ಮನ್ನು ಟ್ಯಾಗ್ ಮಾಡಿದ್ದಾರೆ, ಖಾತೆಯೂ ಎಲ್ಲರಿಗೂ ಕಾಣುವಂತೆ ತೆರೆದಿದೆ. ಡೌನ್‌ಲೋಡ್ ಮಾಡಿ ಹಾಕಿ, ಕೆಳಗೆ ಅವರ ಹೆಸರು ಕೊಟ್ಟರಾಯಿತು.’ ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಯಾಕೆ ಒಪ್ಪುತ್ತಿಲ್ಲವೆಂದು ಅವರಿಗೆ ಬಿಡಿಸಿ ಹೇಳಲು ಬರುತ್ತಿಲ್ಲ. ಸ್ಟೋರಿಗೆ ಹಾಕುವುದಕ್ಕೂ ಪುಟದಲ್ಲಿ ಪೋಸ್ಟ್ ಮಾಡುವುದಕ್ಕೂ ಹಣ ಕೊಟ್ಟು ಜಾಹೀರಾತಾಗಿ ಓಡಿಸುವುದಕ್ಕೂ ವ್ಯತ್ಯಾಸವಿದೆಯೇ? ನಮ್ಮ ಹ್ಯಾಷ್‌ಟ್ಯಾಗ್ ಬಳಸಿದವರೆಲ್ಲ ಒಪ್ಪಿಗೆ ಕೊಟ್ಟಂತೆ ಎಂದು ಬಯೋದಲ್ಲಿ, ಅಂದರೆ ಖಾತೆಯ ಮೇಲ್ಭಾಗದ ಪರಿಚಯದಲ್ಲಿ, ಬರೆದುಬಿಟ್ಟರೆ ಸಾಕೇ? ಈ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ಟ್ಯಾಗ್ ಮಾಡಿದ್ದರೆ ಧಾರಾಳವಾಗಿ ಹಾಕಿಕೊಳ್ಳಿ. ಬ್ರ್ಯಾಂಡ್ ಕಣ್ಣಿಗೆ ಬೀಳಲಿ ಎಂದೇ ಅವರು ಟ್ಯಾಗ್ ಮಾಡುವುದು. ದೊಡ್ಡ ಪುಟದಲ್ಲಿ ತಮ್ಮ ಚಿತ್ರ ಬಂದರೆ ಯಾರಿಗೆ ಬೇಡ? ಹೆಸರು ಕೊಡುವುದನ್ನು ಮಾತ್ರ ಮರೆಯಬೇಡಿ. ಇಷ್ಟಕ್ಕೆಲ್ಲ ಅನುಮತಿ ಕೇಳುತ್ತಾ ಕೂತರೆ ಪುಟ ನಡೆಸಲಾಗುವುದಿಲ್ಲ.

ಉತ್ತರ 2

ಮೇಲಿನ ಉತ್ತರವನ್ನು ನಾನು ಒಪ್ಪುವುದಿಲ್ಲ. ಬ್ರ್ಯಾಂಡ್‌ಗಳ ಖಾತೆಗಳನ್ನು ನಡೆಸುವುದೇ ಬಹಳ ವರ್ಷಗಳಿಂದ ನನ್ನ ಕಸುಬು. ಈ ‘ಹೆಸರು ಕೊಟ್ಟರಾಯಿತು’ ಎಂಬ ಮಾತಿನೊಂದಿಗೆ ನಾನು ಪ್ರತಿ ಹೊಸ ಕಚೇರಿಯಲ್ಲಿಯೂ ಮೊದಲಿನಿಂದ ವಾದಕ್ಕೆ ನಿಂತಿದ್ದೇನೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ನಿಮ್ಮ ಮಾಲೀಕರಿಗೆ ಇದನ್ನೇ ತೋರಿಸಬಹುದು.

ಚಿತ್ರ ಯಾರದು ಎಂಬುದರಿಂದ ಆರಂಭಿಸೋಣ. ಫೋಟೊ ತೆಗೆದ ಕ್ಷಣದಿಂದಲೇ ಅದರ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ತೆಗೆದವರದು. ಎಲ್ಲಿಯೂ ನೋಂದಾಯಿಸಬೇಕಿಲ್ಲ, ಮೂಲೆಯಲ್ಲಿ ಮುದ್ರೆ ಒತ್ತಬೇಕಿಲ್ಲ. 1886ರಲ್ಲಿ ಆದ ಬರ್ನ್ ಒಪ್ಪಂದಕ್ಕೆ ಇಂದು ಜಗತ್ತಿನ ಬಹುಪಾಲು ದೇಶಗಳು ಸೇರಿವೆ. ನೋಂದಣಿಯ ಹಂಗಿಲ್ಲದೆ ಹಕ್ಕು ತಾನಾಗಿಯೇ ಹುಟ್ಟುತ್ತದೆ ಎಂಬುದು ಅದರ ಬುನಾದಿಗಳಲ್ಲಿ ಒಂದು. ಚಿತ್ರದಲ್ಲಿ ಇರುವುದು ನಿಮ್ಮ ಚೀಲ ಎಂಬ ಕಾರಣಕ್ಕೆ ಚಿತ್ರ ನಿಮ್ಮದಾಗುವುದಿಲ್ಲ. ಹಾಗೆ ನೋಡಿದರೆ ಕ್ಯಾಮೆರಾ ತಯಾರಿಸಿದವರು ಜಗತ್ತಿನ ಚಿತ್ರಗಳೆಲ್ಲ ತಮ್ಮವೆನ್ನಬೇಕಾಗುತ್ತಿತ್ತು. ಖಾತೆ ತೆರೆದಿದೆ ಎಂದರೆ ಯಾರು ಬೇಕಾದರೂ ನೋಡಬಹುದು ಎಂದಷ್ಟೇ ಅರ್ಥ.

‘ಇನ್‌ಸ್ಟಾಗ್ರಾಂಗೆ ಹಾಕುವಾಗಲೇ ಅವರು ನಿಯಮಗಳಿಗೆ ಒಪ್ಪಿರುತ್ತಾರಲ್ಲ’ ಎಂದು ನಿಮ್ಮ ಮಾಲೀಕರು ಮುಂದೆ ಕೇಳುತ್ತಾರೆ, ಎಲ್ಲರೂ ಕೇಳುತ್ತಾರೆ. ಒಪ್ಪಿರುವುದು ನಿಜ. ಚಿತ್ರವನ್ನು ತೋರಿಸಲು, ನಕಲು ಮಾಡಿಟ್ಟುಕೊಳ್ಳಲು, ಹಂಚಲು ಇನ್‌ಸ್ಟಾಗ್ರಾಂಗೆ ಅವರು ಪರವಾನಗಿ ಕೊಟ್ಟಿರುತ್ತಾರೆ. ಒಡೆತನ ತನ್ನದಲ್ಲವೆಂದು ಇನ್‌ಸ್ಟಾಗ್ರಾಂ ತನ್ನ ನಿಯಮಗಳಲ್ಲಿಯೇ ಹೇಳುತ್ತದೆ. ಆ ಪರವಾನಗಿ ಸಿಕ್ಕಿರುವುದು ವೇದಿಕೆಗೆ. ಅದೇ ವೇದಿಕೆಯಲ್ಲಿ ನಿಮಗೂ ಒಂದು ಖಾತೆ ಇದೆ ಎಂದ ಮಾತ್ರಕ್ಕೆ ಅದು ನಿಮಗೆ ಸಿಗುವುದಿಲ್ಲ.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಡೇನಿಯಲ್ ಮೊರೆಲ್ ಎಂಬ ಛಾಯಾಗ್ರಾಹಕರದು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಅವರು ಪೋರ್ಟ್ ಒ ಪ್ರಿನ್ಸ್‌ನಲ್ಲಿದ್ದರು. ತೆಗೆದ ಚಿತ್ರಗಳನ್ನು ಟ್ವಿಟ್‌ಪಿಕ್ ಎಂಬ ಚಿತ್ರ ಹಂಚುವ ಸೇವೆಯ ಮೂಲಕ ಟ್ವಿಟರ್‌ಗೆ (ಇಂದಿನ ಎಕ್ಸ್) ಹಾಕಿದರು. ಬೇರೊಬ್ಬ ವ್ಯಕ್ತಿ ಅವುಗಳನ್ನು ತನ್ನ ಖಾತೆಯಲ್ಲಿ ತನ್ನವೆಂಬಂತೆ ಹಾಕಿಕೊಂಡ. ಸುದ್ದಿಸಂಸ್ಥೆ ಎಎಫ್‌ಪಿ ಅಲ್ಲಿಂದ ಚಿತ್ರಗಳನ್ನು ತೆಗೆದುಕೊಂಡು, ಆ ವ್ಯಕ್ತಿಯ ಹೆಸರನ್ನೇ ಕೊಟ್ಟು, ಗೆಟ್ಟಿ ಇಮೇಜಸ್ ಮೂಲಕವೂ ಹಂಚಿತು. ಟ್ವಿಟರ್‌ನ ನಿಯಮಗಳ ಪ್ರಕಾರ ಇದಕ್ಕೆ ಅವಕಾಶವಿದೆ ಎಂಬ ಎಎಫ್‌ಪಿ ವಾದವನ್ನು ಅಮೆರಿಕದ ನ್ಯಾಯಾಲಯ 2013ರಲ್ಲಿ ತಳ್ಳಿಹಾಕಿತು. ಅದೇ ವರ್ಷದ ನವೆಂಬರ್‌ನಲ್ಲಿ ತೀರ್ಪುಗಾರರ ಮಂಡಳಿ ಮೊರೆಲ್ ಅವರಿಗೆ 12 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ಒಂದೇ ಪ್ರಕರಣದಲ್ಲಿ ಎರಡು ಪಾಠಗಳಿವೆ. ಹೆಸರು ಕೊಡುವುದು ಅನುಮತಿಗೆ ಬದಲಿಯಲ್ಲ. ಎರಡನೆಯದು, ಚಿತ್ರ ಹಾಕಿದವರೇ ಚಿತ್ರ ತೆಗೆದವರೆಂದು ನಂಬಬಾರದು. ಗ್ರಾಹಕರ ಚಿತ್ರ ತೀರಾ ವೃತ್ತಿಪರವಾಗಿ ಕಂಡರೆ ಅದು ಮೊದಲು ಬೇರೆಲ್ಲಾದರೂ ಬಂದಿದೆಯೇ ಎಂದು ನಾನು ಗೂಗಲ್ ಲೆನ್ಸ್‌ನಲ್ಲಿಯೋ ಟಿನ್‌ಐನಲ್ಲಿಯೋ ಹುಡುಕಿ ನೋಡುತ್ತೇನೆ, ‘ಈ ಚಿತ್ರ ತೆಗೆದವರು ನೀವೇ ಅಲ್ಲವೇ?’ ಎಂದು ನೇರವಾಗಿ ಕೇಳುತ್ತೇನೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ನನ್ನ ಪ್ರಕಾರ ಇಲ್ಲಿ ನೋಡಬೇಕಾದದ್ದು ಒಂದೇ: ಹಂಚಿಕೊಂಡ ಮೇಲೆಯೂ ಚಿತ್ರದ ಹಿಡಿತ ಅದರ ಒಡೆಯರ ಕೈಯಲ್ಲಿ ಉಳಿಯುತ್ತದೆಯೇ, ಇಲ್ಲವೇ?

ವೇದಿಕೆ ತಾನೇ ಕೊಟ್ಟಿರುವ ಗುಂಡಿ ಒತ್ತಿ ಹಂಚಿದರೆ ಹಿಡಿತ ಅವರಲ್ಲಿಯೇ ಉಳಿಯುತ್ತದೆ. ಟ್ವಿಟರ್ 2009ರಲ್ಲಿ ರೀಟ್ವೀಟ್ ಗುಂಡಿ ತಂದದ್ದು ಇದೇ ಬಗೆಯದು. ಗ್ರಾಹಕರು ಸ್ಟೋರಿಯಲ್ಲಿ ನಿಮ್ಮನ್ನು ಹೆಸರಿಸಿದರೆ ಅದನ್ನು ನಿಮ್ಮ ಸ್ಟೋರಿಗೆ ಸೇರಿಸಿಕೊಳ್ಳುವ ಆಯ್ಕೆ ಇನ್‌ಸ್ಟಾಗ್ರಾಂನ ಡಿಎಂನಲ್ಲಿಯೇ (ಖಾಸಗಿ ಸಂದೇಶದಲ್ಲಿ) ಬರುತ್ತದೆ. 2018ರಿಂದ ಈ ಸೌಲಭ್ಯವಿದೆ. 2025ರ ಆಗಸ್ಟ್‌ನಲ್ಲಿ ಸಾರ್ವಜನಿಕ ಪೋಸ್ಟ್ ಮತ್ತು ರೀಲ್‌ಗಳಿಗೆ ರೀಪೋಸ್ಟ್ ಗುಂಡಿಯೂ ಬಂತು. ಇವುಗಳಲ್ಲಿ ಮೂಲ ಪೋಸ್ಟ್‌ನ ಕೊಂಡಿ ಹಾಗೆಯೇ ಇರುತ್ತದೆ, ಹೆಸರು ತಾನಾಗಿಯೇ ಬರುತ್ತದೆ, ಮೆಚ್ಚುಗೆಗಳು ಅವರ ಲೆಕ್ಕಕ್ಕೇ ಸೇರುತ್ತವೆ. ನಾಳೆ ಅವರು ಮೂಲವನ್ನು ಅಳಿಸಿದರೆ ನಿಮ್ಮ ರೀಪೋಸ್ಟ್ ಕೂಡ ಇಲ್ಲವಾಗುತ್ತದೆ. ತಮ್ಮ ಪೋಸ್ಟನ್ನು ಬೇರೆಯವರು ಹಂಚದಂತೆ ತಡೆಯುವ ಆಯ್ಕೆಯೂ ಅವರಿಗಿದೆ. ಆದ್ದರಿಂದ ಗುಂಡಿ ಒತ್ತಿ ಹಂಚುವುದಕ್ಕೆ ನಾನು ಪ್ರತಿ ಸಲ ಅನುಮತಿ ಕೇಳುವುದಿಲ್ಲ. ಮಕ್ಕಳ ಚಿತ್ರವಾದರೆ, ಆಸ್ಪತ್ರೆ, ಸಾವುನೋವಿನಂಥ ತೀರಾ ಖಾಸಗಿ ಸಂಗತಿಯಾದರೆ ಆಗಲೂ ಕೇಳುತ್ತೇನೆ.

ಡೌನ್‌ಲೋಡ್ ಮಾಡಿಯೋ ಸ್ಕ್ರೀನ್‌ಶಾಟ್ ತೆಗೆದೋ ನಿಮ್ಮ ಪುಟಕ್ಕೆ ಹೊಸದಾಗಿ ಏರಿಸುವುದು ಬೇರೆಯೇ ವಿಷಯ. ಆ ಕ್ಷಣದಿಂದ ಅಲ್ಲಿ ಇರುವುದು ಒಂದು ನಕಲು, ಅದರ ಹಿಡಿತ ನಿಮ್ಮದು. ಅವರು ಖಾತೆಯನ್ನೇ ಮುಚ್ಚಿದರೂ ಅವರ ಮುಖ ನಿಮ್ಮ ಪುಟದಲ್ಲಿ ಉಳಿಯುತ್ತದೆ. ಇದಕ್ಕೆ ಲಿಖಿತ ಅನುಮತಿ ಬೇಕೇ ಬೇಕು. ಇಲ್ಲದಿದ್ದರೆ ಅವರು ಒಂದು ದೂರು ಕೊಟ್ಟರೆ ವೇದಿಕೆ ನಿಮ್ಮ ಪೋಸ್ಟನ್ನು ತೆಗೆಯುತ್ತದೆ. ಅಮೆರಿಕದ 1998ರ ಡಿಎಂಸಿಎ ಎಂಬ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆ ಇದಕ್ಕೊಂದು ವಿಧಾನವನ್ನೇ ಮಾಡಿಟ್ಟಿದೆ. ದೂರುಗಳು ಮರುಕಳಿಸಿದರೆ ಖಾತೆಯೇ ಹೋಗಬಹುದು. ವರ್ಷಗಟ್ಟಲೆ ಬೆಳೆಸಿದ ಪುಟವನ್ನು ಒಂದು ಫೋಟೊಗಾಗಿ ಪಣಕ್ಕಿಡಬೇಕೇ ಎಂದು ನಿಮ್ಮ ಮಾಲೀಕರನ್ನು ಕೇಳಿ.

ಇವೆರಡರ ನಡುವೆ ನನಗೆ ಬಹಳ ಹಿಡಿಸುವ ದಾರಿಯೊಂದಿದೆ, 2021ರಲ್ಲಿ ಇನ್‌ಸ್ಟಾಗ್ರಾಂ ತಂದ ಕೊಲ್ಯಾಬ್ ಪೋಸ್ಟ್. ಒಂದೇ ಪೋಸ್ಟ್ ಎರಡೂ ಖಾತೆಗಳಲ್ಲಿ ಕಾಣುತ್ತದೆ, ಇಬ್ಬರ ಹೆಸರೂ ಮೇಲೆಯೇ ಇರುತ್ತದೆ, ಮೆಚ್ಚುಗೆ ಮತ್ತು ಟಿಪ್ಪಣಿಗಳು ಒಂದೇ ಕಡೆ ಸೇರುತ್ತವೆ. ಆಹ್ವಾನ ಹೋದವರು ಒಪ್ಪದೆ ಅದು ಅವರ ಖಾತೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಗ್ರಾಹಕರಿಂದಲೇ ಪೋಸ್ಟ್ ಮಾಡಿಸಿ, ನಿಮ್ಮನ್ನು ಸಹಭಾಗಿಯಾಗಿ ಸೇರಿಸಲು ವಿನಂತಿಸಿ. ಸಣ್ಣ ಬ್ರ್ಯಾಂಡ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ವೆಬ್‌ಸೈಟಿನಲ್ಲಿ ಪೋಸ್ಟನ್ನು ಎಂಬೆಡ್ ಮಾಡುವ, ಅಂದರೆ ನಕಲು ಮಾಡದೆ ಮೂಲ ಪೋಸ್ಟನ್ನೇ ಅಲ್ಲಿ ಕಾಣಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ನ್ಯಾಯಾಲಯಗಳಲ್ಲಿಯೇ ಒಮ್ಮತವಿಲ್ಲ. 2018ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವೊಂದು ಎಂಬೆಡ್ ಮಾಡುವುದೂ ಹಕ್ಕಿನ ಉಲ್ಲಂಘನೆಯಾಗಬಹುದು ಎಂದಿತು. 2023ರಲ್ಲಿ ಪಶ್ಚಿಮ ಭಾಗದ ಮೇಲ್ಮನವಿ ನ್ಯಾಯಾಲಯ ಇನ್‌ಸ್ಟಾಗ್ರಾಂ ಕುರಿತ ಪ್ರಕರಣದಲ್ಲಿ ಅದಕ್ಕೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಕೇಳಿಯೇ ಹಾಕಿ, ಮುಗಿಯಿತು.

ಇನ್ನು ಜಾಹೀರಾತು. ಇಲ್ಲಿ ಚಿತ್ರ ತೆಗೆದವರ ಹಕ್ಕಿನ ಜೊತೆಗೆ ಚಿತ್ರದಲ್ಲಿ ಇರುವವರ ಹಕ್ಕೂ ಸೇರುತ್ತದೆ. ಒಬ್ಬರ ಮುಖವನ್ನೋ ಹೆಸರನ್ನೋ ಮಾರಾಟಕ್ಕೆ ಬಳಸಬೇಕಾದರೆ ಅವರ ಒಪ್ಪಿಗೆ ಬೇಕು, ಫೋಟೊ ಯಾರೇ ತೆಗೆದಿರಲಿ. 2014ರಲ್ಲಿ ಡುಯೇನ್ ರೀಡ್ ಎಂಬ ಔಷಧ ಮಳಿಗೆಗಳ ಸಂಸ್ಥೆ, ನಟಿ ಕ್ಯಾಥರೀನ್ ಹೈಗಲ್ ತನ್ನ ಅಂಗಡಿಯ ಚೀಲ ಹಿಡಿದು ಹೊರಬರುತ್ತಿದ್ದ ಚಿತ್ರವನ್ನು ಟ್ವೀಟ್ ಮಾಡಿತು. ನಟಿ 60 ಲಕ್ಷ ಡಾಲರ್ ಕೋರಿ ದಾವೆ ಹೂಡಿದರು. ಕಡೆಗೆ ಸಂಸ್ಥೆ ಅವರ ಪ್ರತಿಷ್ಠಾನಕ್ಕೆ ದೇಣಿಗೆ ಕೊಡುವ ಮೂಲಕ ರಾಜಿಯಾಯಿತು. ಗಮನಿಸಿ, ಅವರು ನಿಜವಾಗಿಯೂ ಆ ಅಂಗಡಿಗೆ ಹೋಗಿದ್ದರು, ಚೀಲವೂ ಅದೇ ಅಂಗಡಿಯದು. ಆದರೂ ಅವರನ್ನು ಕೇಳಿರಲಿಲ್ಲ.

ಆದ್ದರಿಂದ ‘ಪುಟಕ್ಕೆ ಹಾಕಬಹುದೇ?’ ಎಂದು ಕೇಳಿ ಪಡೆದ ಒಪ್ಪಿಗೆ ಜಾಹೀರಾತಿಗೆ ಸಲ್ಲುವುದಿಲ್ಲ. ಜಾಹೀರಾತಿಗೆಂದೇ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳ ಒಡೆತನದ ಮೆಟಾದಲ್ಲಿ ಪಾರ್ಟ್‌ನರ್‌ಶಿಪ್ ಆ್ಯಡ್, ಟಿಕ್‌ಟಾಕ್‌ನಲ್ಲಿ ಸ್ಪಾರ್ಕ್ ಆ್ಯಡ್ ಎಂಬ ವ್ಯವಸ್ಥೆಗಳಿವೆ. ಮೂಲ ಪೋಸ್ಟ್ ಹಾಕಿದವರು ತಾವೇ ಅನುಮತಿ ಕೊಟ್ಟ ಮೇಲೆ, ಅವರ ಪೋಸ್ಟನ್ನೇ ನೀವು ಹಣ ಕೊಟ್ಟು ಓಡಿಸುತ್ತೀರಿ. ನಕಲು ಮಾಡುವ ಪ್ರಮೇಯವೇ ಬರುವುದಿಲ್ಲ.

ಹ್ಯಾಷ್‌ಟ್ಯಾಗ್ ವಿಷಯ: ಬಯೋದಲ್ಲಿ ಬರೆದ ಸಾಲನ್ನು ಆ ಗ್ರಾಹಕರು ಓದಿದ್ದರೆಂದು ನೀವು ಹೇಗೆ ತೋರಿಸುತ್ತೀರಿ? ಅವರು ಗೆಳತಿಯ ಪೋಸ್ಟ್ ನೋಡಿ ಅದೇ ಹ್ಯಾಷ್‌ಟ್ಯಾಗ್ ಹಾಕಿರಬಹುದು. ಹ್ಯಾಷ್‌ಟ್ಯಾಗ್ ಇರುವುದು ಚಿತ್ರಗಳನ್ನು ಹುಡುಕಿಕೊಳ್ಳಲು. ಒಪ್ಪಿಗೆಯನ್ನು ಬೇರೆಯಾಗಿಯೇ ಪಡೆಯಬೇಕು.

ಪ್ರಶ್ನೆ ಕೇಳಿದವರಿಂದ

ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬ ಧನ್ಯವಾದ ಮೇಡಂ. ಮಾಲೀಕರಿಗೆ ಓದಿ ಹೇಳಿದೆ. ಖಾತೆಯೇ ಹೋಗಬಹುದು ಎಂಬಲ್ಲಿ ಅವರು ನಿಲ್ಲಿಸಿ ಮತ್ತೊಮ್ಮೆ ಓದಿಸಿದರು. ಇನ್ನು ಮೂರು ವಿಷಯಗಳಲ್ಲಿ ನಿಮ್ಮ ಸಲಹೆ ಬೇಕು. ಅನುಮತಿ ಕೇಳುವ ಸಂದೇಶ ಹೇಗಿರಬೇಕು? ವಕೀಲರ ನೋಟಿಸಿನಂತೆ ಕಂಡರೆ ಗ್ರಾಹಕರು ಗಾಬರಿಯಾಗುತ್ತಾರೆ. ಮಳೆಯ ರೀಲ್ ಹಾಕಿದವರು ಒಪ್ಪಿದರೆ ಆ ಹಾಡಿನ ಸಮೇತ ಹಾಕಬಹುದೇ? ಬೆನ್ನುನೋವು ವಾಸಿಯಾಯಿತೆಂದು ಬರೆದವರದ್ದನ್ನು ಏನು ಮಾಡಲಿ? ಅವರಾಗಿಯೇ ಬರೆದದ್ದು, ನಾವೇನೂ ಹೇಳಿಸಿದ್ದಲ್ಲ.

ಉತ್ತರ 3

ನಾನು ಮೇಜಿನ ಆಚೆ ಬದಿಯವನು. ಪ್ರವಾಸದ ಚಿತ್ರ ತೆಗೆಯುವುದು ನನ್ನ ಹವ್ಯಾಸ, ಈಚೆಗೆ ಅದರಿಂದ ಅಷ್ಟಿಷ್ಟು ಸಂಪಾದನೆಯೂ ಇದೆ. ಬ್ರ್ಯಾಂಡ್‌ಗಳು ನನ್ನ ಚಿತ್ರಗಳನ್ನು ಕೇಳಿಯೂ ಬಳಸಿವೆ, ಕೇಳದೆಯೂ ಬಳಸಿವೆ.

ಒಮ್ಮೆ ಬೆಳಗಿನ ಮಂಜಿನಲ್ಲಿ ಬಂಡೆಯ ಮೇಲಿಟ್ಟ ಬೂಟುಗಳ ಚಿತ್ರ ಹಾಕಿದ್ದೆ. ಆ ಮಂಜಿಗಾಗಿಯೇ ಕತ್ತಲಿರುವಾಗ ಎದ್ದು ಹೋಗಿದ್ದೆ. ಬೂಟಿನ ಕಂಪನಿ ಅದನ್ನು ಎತ್ತಿಕೊಂಡು, ಚೌಕಾಕಾರಕ್ಕೆ ಕತ್ತರಿಸಿ, ಮಂಜನ್ನೆಲ್ಲ ಹಳದಿ ಫಿಲ್ಟರ್‌ನಲ್ಲಿ ಮುಳುಗಿಸಿ, ಮೇಲೆ ದಪ್ಪ ಅಕ್ಷರದಲ್ಲಿ ರಿಯಾಯಿತಿ ಮಾರಾಟವೆಂದು ಬರೆದು ಹಾಕಿತು. ನನ್ನ ಹೆಸರು ಹ್ಯಾಷ್‌ಟ್ಯಾಗ್‌ಗಳ ರಾಶಿಯ ಕೆಳಗೆ, ‘ಇನ್ನಷ್ಟು ಓದಿ’ ಒತ್ತಿದರೆ ಮಾತ್ರ ಕಾಣುವಲ್ಲಿ ಇತ್ತು. ತೆಗೆಯಿರಿ ಎಂದು ಬರೆದರೆ, ‘ನಿಮಗೆ ಪ್ರಚಾರ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಬಂತು. ನನಗೆ ನೋವಾದದ್ದು ಹಣಕ್ಕಲ್ಲ. ಆ ಚಿತ್ರ ಇನ್ನು ಯಾರು ನೋಡಿದರೂ ಅವರಿಗೆ ಅದು ಮಾರಾಟದ ಭಿತ್ತಿಪತ್ರ.

ಹಾಗಾಗಿ ಈ ಪ್ರಶ್ನೆ ಕೇಳಿದವರಿಗೆ ನನ್ನ ವಿನಂತಿ ಇಷ್ಟು. ಹೆಸರನ್ನು ಬರಹದ ಮೊದಲ ಸಾಲಿನಲ್ಲಿ ಕೊಡಿ, ಚಿತ್ರದ ಮೇಲೆಯೂ ಟ್ಯಾಗ್ ಮಾಡಿ. ಕತ್ತರಿಸಬೇಕಾದರೆ, ಬಣ್ಣ ಬದಲಿಸಬೇಕಾದರೆ, ಮೇಲೆ ಅಕ್ಷರ ಬರೆಯಬೇಕಾದರೆ ಅದನ್ನೂ ಕೇಳಿ. ಕ್ಯಾಟಲಾಗ್‌ಗೋ ಪ್ಯಾಕಿಂಗ್ ಪೆಟ್ಟಿಗೆಗೋ ಜಾಹೀರಾತಿಗೋ ಬೇಕಾದರೆ ಹಣ ಕೊಡುವ ಮಾತು ನೀವೇ ಮೊದಲು ಎತ್ತಿ. ಸಂಕೋಚದವರು ತಾವಾಗಿ ಕೇಳುವುದಿಲ್ಲ, ಮನಸ್ಸಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ಬೇಡ ಎಂದವರಿಗೆ ಮತ್ತೆ ಮತ್ತೆ ಬರೆಯಬೇಡಿ.

ಕೇಳಿದವರ ಬಗ್ಗೆಯೂ ಹೇಳಬೇಕು. ಒಂದು ಟೆಂಟ್ ಕಂಪನಿಯವರು ಚಿತ್ರ ಬೇಕೆಂದು ಬರೆದರು, ಎಲ್ಲಿ ಬಳಸುತ್ತೇವೆ, ಯಾವ ತಿಂಗಳವರೆಗೆ ಎಂದು ತಿಳಿಸಿದರು, ದೊಡ್ಡ ಅಳತೆಯ ಮೂಲ ಕಡತ ಕಳಿಸಲು ಕೋರಿದರು. ನಾನು ಅದೇ ದಿನ ಕಳಿಸಿದೆ, ಜೊತೆಗೆ ಅವರು ಕೇಳದ ಇನ್ನಷ್ಟು ಚಿತ್ರಗಳನ್ನೂ ಸೇರಿಸಿದೆ. ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದರೆ ಅವರಿಗೆ ಸಿಗುತ್ತಿದ್ದದ್ದು ಒಂದು ಮಸುಕು ಚಿತ್ರ.

ಉತ್ತರ 2 ಬರೆದವರಿಂದ

ಮೇಲೆ ಬರೆದ ಛಾಯಾಗ್ರಾಹಕರ ಮಾತನ್ನು ಬ್ರ್ಯಾಂಡ್ ಪುಟ ನಡೆಸುವವರೆಲ್ಲ ಓದಬೇಕು. ಮಂಜಿನ ಚಿತ್ರಕ್ಕೆ ಹಳದಿ ಬಳಿದವರ ಮೇಲೆ ನನಗೂ ಸಿಟ್ಟು ಬಂತು. ಎಷ್ಟೋ ದೇಶಗಳಲ್ಲಿ ಕೃತಿಯನ್ನು ವಿರೂಪಗೊಳಿಸುವುದರ ವಿರುದ್ಧ ಕೃತಿಕಾರರಿಗೆ ಪ್ರತ್ಯೇಕ ನೈತಿಕ ಹಕ್ಕೇ ಇದೆ.

ಈಗ ಸಂದೇಶ. ನಾನು ಬಳಸುವುದು ಹೆಚ್ಚುಕಡಿಮೆ ಹೀಗಿರುತ್ತದೆ:

‘ನಮಸ್ಕಾರ. ನೀವು ನಿನ್ನೆ ಹಾಕಿದ ಚೀಲದ ರೀಲ್ ನೋಡಿದೆವು. ಹಾಳೆ ಮಗುಚಿ ತೋರಿಸಿದ ರೀತಿ ನಮಗೆಲ್ಲ ಬಹಳ ಹಿಡಿಸಿತು. ಇದನ್ನು ನಿಮ್ಮ ಹೆಸರಿನೊಂದಿಗೆ ನಮ್ಮ ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಪುಟಗಳಲ್ಲಿ ಹಾಕಲು ನಿಮ್ಮ ಒಪ್ಪಿಗೆ ಇದೆಯೇ? ಜಾಹೀರಾತಿಗೆ ಬಳಸುವುದಿಲ್ಲ, ಬಳಸಬೇಕೆನಿಸಿದರೆ ಬೇರೆಯಾಗಿ ಕೇಳುತ್ತೇವೆ. ವಿಡಿಯೊ ತೆಗೆದವರು ನೀವೇ ತಾನೇ? ಅದರಲ್ಲಿ ಕಾಣುವ ಬೇರೆಯವರಿಗೂ ಒಪ್ಪಿಗೆ ಇದೆ ತಾನೇ? ಮುಂದೆ ಯಾವಾಗ ಬೇಡವೆನಿಸಿದರೂ ಒಂದು ಸಾಲು ಬರೆಯಿರಿ, ತೆಗೆದುಬಿಡುತ್ತೇವೆ.’

ಇದರಲ್ಲಿ ಏನೇನಿದೆ ನೋಡಿ: ಯಾವ ಪೋಸ್ಟ್, ಎಲ್ಲೆಲ್ಲಿ, ಏನಕ್ಕೆ ಅಲ್ಲ, ತೆಗೆದವರು ಯಾರು, ಹಿಂದೆ ಪಡೆಯುವ ದಾರಿ. ಚಿತ್ರದ ಬಗ್ಗೆ ಒಂದು ನಿಜವಾದ ಮಾತು ಮೊದಲು ಬರಲಿ. ಎಲ್ಲರಿಗೂ ಒಂದೇ ನಕಲು ಸಂದೇಶ ಕಳಿಸಿದರೆ ಅದು ವಂಚನೆಯ ಸಂದೇಶದಂತೆ ಕಾಣುತ್ತದೆ, ಜನ ತೆರೆಯುವುದೂ ಇಲ್ಲ. ಅಪರಿಚಿತರ ಡಿಎಂ ಬೇರೆ ಪೆಟ್ಟಿಗೆಗೆ ಹೋಗುವುದರಿಂದ, ಪೋಸ್ಟ್‌ನ ಕೆಳಗೆ ‘ನಿಮಗೊಂದು ಸಂದೇಶ ಕಳಿಸಿದ್ದೇವೆ, ದಯವಿಟ್ಟು ನೋಡಿ’ ಎಂದು ಟಿಪ್ಪಣಿ ಹಾಕಿ. ಉತ್ತರ ಬರದಿದ್ದರೆ ಹಾಕಬೇಡಿ. ಮೌನವನ್ನು ಒಪ್ಪಿಗೆಯೆಂದು ಎಣಿಸುವುದು ಇಲ್ಲಿ ನಡೆಯುವುದಿಲ್ಲ.

ಉತ್ತರ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು, ಪೋಸ್ಟ್‌ನ ಕೊಂಡಿ, ದಿನಾಂಕ ಮತ್ತು ಯಾವುದಕ್ಕೆ ಒಪ್ಪಿಗೆ ಎಂಬುದನ್ನು ಒಂದು ಶೀಟ್‌ನಲ್ಲಿ ಬರೆದಿಡಿ. ಡಿಎಂ ಸಂದೇಶವನ್ನು ಅವರು ಹಿಂದೆಗೆದುಕೊಳ್ಳಬಹುದು, ಖಾತೆಯ ಹೆಸರು ಬದಲಿಸಬಹುದು, ನೀವೇ ಆ ಕೆಲಸ ಬಿಟ್ಟು ಹೋಗಬಹುದು. ನಿಮ್ಮ ನಂತರ ಬರುವವರಿಗೆ ಆ ಶೀಟ್ ಬೇಕಾಗುತ್ತದೆ.

ಹಾಡಿನ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ, ಆ ಹಾಡಿನ ಸಮೇತ ನಕಲು ಏರಿಸಬೇಡಿ. ರೀಲ್ ಮಾಡಿದವರು ತಮ್ಮ ದೃಶ್ಯಕ್ಕೆ ಒಪ್ಪಿಗೆ ಕೊಡಬಲ್ಲರು, ಹಾಡು ಅವರದಲ್ಲ. ವೇದಿಕೆಗಳು ಸಂಗೀತ ಕಂಪನಿಗಳೊಂದಿಗೆ ಮಾಡಿಕೊಂಡ ಒಪ್ಪಂದಗಳು ಜನರ ಸ್ವಂತ ಬಳಕೆಗೆ ಅನ್ವಯಿಸುತ್ತವೆ, ವ್ಯಾಪಾರಕ್ಕಲ್ಲ. ಬ್ಯಾಂಗ್ ಎನರ್ಜಿ ಪಾನೀಯದ ಕಂಪನಿ ಟಿಕ್‌ಟಾಕ್ ವಿಡಿಯೊಗಳಲ್ಲಿ ಜನಪ್ರಿಯ ಹಾಡುಗಳನ್ನು ಬಳಸಿದ್ದಕ್ಕೆ ಯೂನಿವರ್ಸಲ್ ಮತ್ತು ಸೋನಿ ಸಂಗೀತ ಸಂಸ್ಥೆಗಳು ದಾವೆ ಹೂಡಿದವು; ಕಂಪನಿ ತಾನೇ ಹಾಕಿದ ವಿಡಿಯೊಗಳು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು 2022ರಲ್ಲಿ ನ್ಯಾಯಾಲಯ ತೀರ್ಪು ಕೊಟ್ಟಿತು. ಹಾಡಿಲ್ಲದ ಮೂಲ ವಿಡಿಯೊ ಕಳಿಸಿ ಎಂದು ಕೇಳಿ. ಮಳೆಯ ಸದ್ದು, ಜಿಪ್ ತೆರೆಯುವ ಸದ್ದು ಅದರಲ್ಲಿದ್ದರೆ ಹಾಡಿಗಿಂತ ಅದೇ ಚೆನ್ನ. ಸಂಗೀತ ಬೇಕೇ ಬೇಕೆಂದರೆ ಮೆಟಾದ ಸೌಂಡ್ ಕಲೆಕ್ಷನ್, ಟಿಕ್‌ಟಾಕ್‌ನ ಕಮರ್ಷಿಯಲ್ ಮ್ಯೂಸಿಕ್ ಲೈಬ್ರರಿಗಳಿವೆ.

ಬೆನ್ನುನೋವಿನ ಪೋಸ್ಟನ್ನು ಹಂಚಬೇಡಿ, ಗುಂಡಿ ಒತ್ತಿಯೂ ಹಂಚಬೇಡಿ. ಅವರು ಬರೆದಾಗ ಅದು ಒಬ್ಬ ಗ್ರಾಹಕರ ಅನುಭವ. ನೀವು ಹಂಚಿದಾಗ ಅದು ಬ್ರ್ಯಾಂಡ್‌ನ ಮಾತಾಗುತ್ತದೆ, ‘ನಮ್ಮ ಚೀಲ ಬೆನ್ನುನೋವು ವಾಸಿ ಮಾಡುತ್ತದೆ’ ಎಂದು ನೀವೇ ಹೇಳಿದಂತೆ. ಅದಕ್ಕೆ ವೈದ್ಯಕೀಯ ಆಧಾರ ನಿಮ್ಮಲ್ಲಿದೆಯೇ? ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ತಾನು ನೇರವಾಗಿ ಹೇಳಿ ಸಾಬೀತು ಮಾಡಲಾಗದ ಮಾತನ್ನು ಜಾಹೀರಾತುದಾರ ಗ್ರಾಹಕರ ಬಾಯಿಂದಲೂ ಹೇಳಿಸುವಂತಿಲ್ಲ. ನೋವಿರುವ ಯಾರೋ ಇದನ್ನು ಓದಿ ವೈದ್ಯರ ಬಳಿ ಹೋಗುವುದನ್ನು ಮುಂದೂಡಿದರೆ ಎಂಬ ಯೋಚನೆಯೇ ನನಗೆ ಸಾಕು. ಅವರಿಗೆ ಟಿಪ್ಪಣಿಯಲ್ಲಿ ಧನ್ಯವಾದ ಹೇಳಿ, ಅಲ್ಲಿಗೇ ಬಿಡಿ.

ಅದೇ ಕಮಿಷನ್ 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಳಲ್ಲಿ ಇನ್ನೊಂದು ಅಂಶವಿದೆ, ಬೇರೆ ದೇಶಗಳ ನಿಯಮಗಳೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತವೆ. ಹಣ, ಉಚಿತ ಚೀಲ, ರಿಯಾಯಿತಿ, ಬಹುಮಾನದ ಆಸೆ, ಏನು ಕೊಟ್ಟಿದ್ದರೂ ಅದು ಪೋಸ್ಟ್‌ನಲ್ಲಿ ಎದ್ದುಕಾಣುವಂತೆ ತಿಳಿಯಬೇಕು. ನಿಮ್ಮ ಕಚೇರಿಯವರ ಅಣ್ಣನೋ ತಂಗಿಯೋ ‘ಗ್ರಾಹಕ’ರಾಗಿ ಹೊಗಳಿದ್ದರೂ ಅಷ್ಟೇ.

ಶಾಲೆಯ ಮೊದಲ ದಿನದ ಚಿತ್ರದ ಬಗ್ಗೆ ನೀವು ಮತ್ತೆ ಕೇಳಲಿಲ್ಲ, ನಾನೇ ಹೇಳುತ್ತೇನೆ. ಹೆತ್ತವರು ಒಪ್ಪಿದರೂ ನಾನಾಗಿದ್ದರೆ ಹಾಕುವುದಿಲ್ಲ. ಸಮವಸ್ತ್ರದ ಮೇಲಿನ ಲಾಂಛನ, ಹಿಂದಿನ ಫಲಕ, ಮಗುವಿನ ಮುಖ, ಮೂರೂ ಸೇರಿದರೆ ಆ ಮಗು ಪ್ರತಿದಿನ ಎಲ್ಲಿರುತ್ತದೆಂದು ಅಪರಿಚಿತರಿಗೆ ತಿಳಿಯುತ್ತದೆ. ತೀರಾ ಬೇಕೆನಿಸಿದರೆ, ಹಿಂದಿನಿಂದ ತೆಗೆದ, ಚೀಲ ಮಾತ್ರ ಕಾಣುವ ಚಿತ್ರವಿದೆಯೇ ಎಂದು ಹೆತ್ತವರನ್ನು ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ

ಮೂರೂ ಉತ್ತರ ಸಿಕ್ಕಿತು, ಇಬ್ಬರಿಗೂ ಧನ್ಯವಾದ. ಮಳೆಯ ರೀಲ್‌ನವರಿಗೆ ಸಂದೇಶ ಕಳಿಸಿದ್ದೇನೆ. ಕೊನೆಯದಾಗಿ ಒಂದು. ನಾನು ಸೇರುವ ಮೊದಲು ಈ ಪುಟದಲ್ಲಿ ಕೇಳದೆ ಹಾಕಿದ ಗ್ರಾಹಕರ ಚಿತ್ರಗಳು ಬಹಳಷ್ಟಿವೆ. ಕೆಲವಕ್ಕೆ ಹೆಸರೂ ಇಲ್ಲ. ಅಳಿಸಿದರೆ ಮೆಚ್ಚುಗೆ, ಟಿಪ್ಪಣಿಗಳೆಲ್ಲ ಹೋಗುತ್ತವೆಂದು ಮಾಲೀಕರು ಹಿಂಜರಿಯುತ್ತಿದ್ದಾರೆ.

ಉತ್ತರ 2 ಬರೆದವರಿಂದ

ಅಳಿಸಬೇಕಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಪ್ರತಿ ಪೋಸ್ಟ್‌ನ ಮೇಲಿನ ಮೂರು ಚುಕ್ಕೆ ಒತ್ತಿದರೆ ಆರ್ಕೈವ್ ಎಂಬ ಆಯ್ಕೆ ಬರುತ್ತದೆ. ಆರ್ಕೈವ್ ಮಾಡಿದ ಪೋಸ್ಟ್ ಪುಟದಿಂದ ಮರೆಯಾಗುತ್ತದೆ, ಮೆಚ್ಚುಗೆ ಮತ್ತು ಟಿಪ್ಪಣಿಗಳು ಹಾಗೆಯೇ ಉಳಿಯುತ್ತವೆ. ಹೆಸರಿಲ್ಲದ ಚಿತ್ರಗಳನ್ನು ಇಂದೇ ಆರ್ಕೈವ್ ಮಾಡಿ. ನಂತರ ಮುಖ ಕಾಣುವವು, ಆಮೇಲೆ ಉಳಿದವು. ಒಬ್ಬೊಬ್ಬರಿಗೂ ಬರೆದು, ಈ ಮೊದಲು ಕೇಳದೆ ಹಾಕಿದ್ದಕ್ಕೆ ಬ್ರ್ಯಾಂಡ್ ಪರವಾಗಿ ಕ್ಷಮೆ ಕೋರಿ, ಇನ್ನು ಮುಂದೆ ಇರಬಹುದೇ ಎಂದು ವಿಚಾರಿಸಿ. ಒಪ್ಪಿದವರದ್ದನ್ನು ಹೆಸರು ಸೇರಿಸಿ ಮತ್ತೆ ಪುಟಕ್ಕೆ ತನ್ನಿ. ಯಾರದೆಂದು ಪತ್ತೆಯೇ ಆಗದ ಚಿತ್ರಗಳನ್ನು ಆರ್ಕೈವ್‌ನಲ್ಲಿಯೇ ಬಿಡಿ. ಜಾಹೀರಾತು ಖಾತೆಯನ್ನೂ ತೆರೆದು ನೋಡಿ. ಇವುಗಳಲ್ಲಿ ಯಾವುದಾದರೂ ಈಗಲೂ ಹಣ ಕೊಟ್ಟು ಓಡುತ್ತಿದ್ದರೆ ಮೊದಲು ನಿಲ್ಲಿಸಬೇಕಾದದ್ದು ಅದನ್ನೇ.